ಟವೆಲ್ ಕೆಳಗಿನ ಬಿಟ್ಟಿ ಕಾಯಿನ್

ಬಿಟ್‌ಕಾಯಿನ್ ಕೊಳ್ಳುವ ಮುಂಚೆ ಅದಕ್ಕೆ ಹಲ್ಲು ಎಷ್ಟು ಬಂದಿವೆ ಎಂದು ಕೇಳಿದ ಹೂಡಿಕೆದಾರ ಇಡೀ ಭೂಮಂಡಲದಲ್ಲಿ ಯಾರಾದರೂ ಇದ್ದರೆ, ಅವನು ನಮ್ಮ ಮಾಮಾ ಒಬ್ಬನೇ! ಬೇಕಾದರೆ ಪಂದ್ಯ ಕಟ್ಟಿರಿ. ಸೋತರೆ ನಾನು ದುಡ್ಡು ಕೊಡುವುದಿಲ್ಲ, ಏಕೆಂದರೆ ನನ್ನ ಹತ್ತಿರ ಇಲ್ಲ. ಯಾಕೆ ಇಲ್ಲ ಎಂಬುದು ಮುಂದೆ ತಾನಾಗಿಯೇ ಗೊತ್ತಾಗುತ್ತದೆ.

ಮಾಮಾ ಎಂದರೆ ನಮ್ಮವ್ವನ ಅಣ್ಣ. ಅಕ್ಕಲಕೋಟದಿಂದ ದುಧನಿಗೆ ಹೋಗುವ ದಾರಿಯಲ್ಲಿ, ಕಂಡಕ್ಟರ್ ಮನಸ್ಸು ಮಾಡಿದರೆ ಮಾತ್ರ ಬಸ್ಸು ನಿಲ್ಲುವಂಥ ಒಂದು ಹಳ್ಳಿ ಅವನದು. ಕಸುಬು ಕುರಿ ದಲಾಲಿ. ಕುರಿಯ ಬಾಯಿ ಬಿಡಿಸಿ ಹಲ್ಲು ಎಣಿಸಿದರೆ ಅದರ ವಯಸ್ಸು ತಿಳಿಯುತ್ತದಲ್ಲ, ಮಾಮಾ ಆ ವಿದ್ಯೆಯನ್ನು ಕುರಿಗಷ್ಟೇ ಮೀಸಲಿಟ್ಟಿಲ್ಲ. ನಮ್ಮಕ್ಕನನ್ನು ನೋಡಲು ವರ ಬಂದಾಗ "ಸ್ವಲ್ಪ ನಗ್ರಿ, ಸಂಕೋಚ ಯಾಕ?" ಎಂದು ಆ ಹುಡುಗನನ್ನು ಮೂರು ಸಲ ನಗಿಸಿದ. ಎಂಥ ಸ್ನೇಹಜೀವಿ ಮಾವ ಸಿಕ್ಕರು ಎಂದು ಹುಡುಗನಿಗೆ ಖುಷಿಯೋ ಖುಷಿ! ಮಾಮಾ ಅಡುಗೆಮನೆಗೆ ಬಂದು ಅವ್ವನ ಕಿವಿಯಲ್ಲಿ ಹೇಳಿದ್ದು ಇಷ್ಟು: "ಹೇಳಿದ್ದಕ್ಕಿಂತ ಎರಡ್ ವರ್ಷ ದೊಡ್ಡಾಂವ ಅದಾನ. ಆದ್ರ ಮಾಲು ಚಲೋ ಐತಿ. ಬಿಡಬ್ಯಾಡ."

ಇನ್ನು ನನ್ನ ಪರಿಚಯ. ಸೋಲಾಪುರದ ನವಿ ಪೇಠದಲ್ಲಿ ಚಾದರ್ ಮತ್ತು ಟವೆಲ್ ಅಂಗಡಿಯೊಂದರಲ್ಲಿ ಗಿರಾಕಿಗಳಿಗೆ ಮಾಲು ಬಿಚ್ಚಿ ತೋರಿಸುವುದು ನನ್ನ ಉದ್ಯೋಗ. ದಿನಕ್ಕೆ ನೂರು ಚಾದರ್ ಬಿಚ್ಚುತ್ತೇನೆ, ತೊಂಬತ್ತೆಂಟು ಮಡಚುತ್ತೇನೆ. ಮಡಚುವ ಹೊತ್ತಿನಲ್ಲಿ ಫೋನಿನಲ್ಲಿ ಕ್ರಿಪ್ಟೋ ವಿಡಿಯೋ ನೋಡಿ ನೋಡಿ ನಮ್ಮ ಮನೆತನದ ಮೊದಲ ಆರ್ಥಿಕ ತಜ್ಞನಾದೆ. ತಜ್ಞನಾದ ಮೇಲೆ ಕೈಕಟ್ಟಿ ಕೂರಲು ಬರುತ್ತದೆಯೇ? ನಾಯಿಯ ಮುಖ ಇರುವ ಒಂದು ಕಾಯಿನ್ ಕೊಂಡೆ. ನಾನು ಕೊಂಡ ಸುದ್ದಿ ಹೇಗೆ ಹಬ್ಬಿತೋ ಏನೋ, ಮರುದಿನ ಇಡೀ ಜಗತ್ತು ಅದನ್ನು ಮಾರಿಬಿಟ್ಟಿತು! ಆಗಿನಿಂದ ನನ್ನ ಗೆಳೆಯರೆಲ್ಲ ನಾನು ಏನು ಕೊಳ್ಳುತ್ತಿದ್ದೇನೆ ಎಂದು ವಾರಕ್ಕೊಮ್ಮೆ ವಿಚಾರಿಸುತ್ತಾರೆ. ಅದನ್ನು ಬಿಟ್ಟು ಉಳಿದದ್ದು ಕೊಳ್ಳುವುದಕ್ಕೆ.

ಇಂಥ ಮಾಮಾನೂ ಇಂಥ ಅಳಿಯನೂ ಕೂಡಿ ಕ್ರಿಪ್ಟೋಕ್ಕೆ ಇಳಿದದ್ದು ಹೇಗೆ ಎಂದು ಹೇಳಬೇಕಾದರೆ ಮಾಮಾನ ಬೆರಳುಗಳ ವಿಷಯ ಹೇಳಬೇಕು.

ಅಕ್ಕಲಕೋಟದ ಸಂತೆಯಲ್ಲಿ ಮಾಮಾನಂಥ ಹಳಬರ ಕುರಿ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ, ಕೈಯಲ್ಲಿ ನಡೆಯುತ್ತದೆ. ಇಬ್ಬರು ಎದುರುಬದುರು ನಿಲ್ಲುತ್ತಾರೆ. ಒಬ್ಬನ ಕೈಯಲ್ಲಿ ಇನ್ನೊಬ್ಬನ ಕೈ. ಮೇಲೊಂದು ಟವೆಲ್. ಅದರ ಕೆಳಗೆ ಬೆರಳು ಹಿಡಿದು ಭಾವ, ಅಂದರೆ ಬೆಲೆ, ಹೇಳುತ್ತಾರೆ. ನಾಲ್ಕು ಬೆರಳು ಹಿಡಿದರೆ ನಾಲ್ಕು ಸಾವಿರ, ಮತ್ತೆ ಅರ್ಧ ಬೆರಳು ಹಿಡಿದರೆ ಮೇಲೆ ಐದುನೂರು. ಸುತ್ತ ನೂರು ಜನ ನಿಂತಿದ್ದರೂ ಭಾವ ಗೊತ್ತಾಗುವುದು ಆ ಇಬ್ಬರಿಗೇ. ಮುಖದ ಮೇಲೆ ಏನೂ ಕಾಣಿಸಬಾರದು. ಆ ವಿಷಯದಲ್ಲಿ ಮಾಮಾನನ್ನು ಮೀರಿಸಿದವರಿಲ್ಲ. ಟವೆಲಿನ ಕೆಳಗೆ ಇಡೀ ಹಿಂಡಿನ ಸವ್ದಾ ನಡೆದಿದ್ದರೂ ಮೇಲೆ ಅವನದು ಬಸ್ಸಿಗೆ ಕಾಯುವವನ ಮುಖ.

ಹೋದ ವರ್ಷ ಆ ಬೆರಳುಗಳೇ ಮಾಮಾನಿಗೆ ಕೈಕೊಟ್ಟವು. ಸಕ್ಕರೆ ಕಾಯಿಲೆ ಹತ್ತು ವರ್ಷದಿಂದ ಇತ್ತು. ಅದು ನಿಧಾನಕ್ಕೆ ಬೆರಳುಗಳನ್ನು ಜೋಮು ಹಿಡಿಸಿತು. ಒಂದು ಸಂತೆಯಲ್ಲಿ ಎದುರಿನವನು ನಾಲ್ಕು ಬೆರಳು ಹಿಡಿದದ್ದು ಮಾಮಾನಿಗೆ ಮೂರು ಎಂದು ತಿಳಿಯಿತು, ತಾನೂ ಮೂರೇ ಹಿಡಿದು ಒಪ್ಪಿಬಿಟ್ಟ. ಮಂಗಳವೇಢೆ ಕಡೆಯ ಕುರುಬನೊಬ್ಬನ ಟಗರು ಒಂದು ಸಾವಿರ ಕಡಿಮೆಗೆ ಹೋಯಿತು. "ತಪ್ಪು ನಂದು" ಎಂದು ಮಾಮಾ ಆ ದುಡ್ಡನ್ನು ಕಿಸೆಯಿಂದ ತೆಗೆದುಕೊಟ್ಟ. ತಪ್ಪು ಹೇಗಾಯಿತು ಎಂದು ಮಾತ್ರ ಹೇಳಲಿಲ್ಲ. ಆ ದಿನದಿಂದ ಸಂತೆ ಬಂದ್. ಕೇಳಿದವರಿಗೆಲ್ಲ "ಮೊಳಕಾಲು ನೋವು" ಎಂದ. ಇಲ್ಲದ ಮೊಳಕಾಲು ನೋವಿಗೆ ಊರಿನವರೆಲ್ಲ ಎಣ್ಣೆ ತಂದುಕೊಟ್ಟರು. ಮಾಮಾನ ಮನೆಯ ಗೋಡೆಗೂಡಿನಲ್ಲಿ ಈಗ ಒಂದು ಔಷಧಿ ಅಂಗಡಿ ತೆರೆಯುವಷ್ಟು ಸೀಸೆಗಳಿವೆ!

ನಿಜ ಗೊತ್ತಿದ್ದದ್ದು ಮೂವರಿಗೆ: ಸೋಲಾಪುರದ ಡಾಕ್ಟರಿಗೆ, ಅತ್ತೆಗೆ, ಮತ್ತು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ ನನಗೆ. ಬೆರಳಿಗೆ ಬುದ್ಧಿ ಇಲ್ಲದ ದಲಾಲ ಎಂದು ಸಂತೆಯಲ್ಲಿ ಒಂದು ಸಲ ಮಾತು ಬಿದ್ದರೆ ಮುಗಿಯಿತು, ಆಮೇಲೆ ಯಾರೂ ಅವನ ಕೈ ಮೇಲೆ ಟವೆಲ್ ಹಾಕುವುದಿಲ್ಲ. ಮಾಮಾನಿಗೆ ಇದ್ದ ಭಯ ಅದೊಂದೇ. ಹುಲಿ ಬಂದರೂ ಕೋಲು ಹಿಡಿದು ನಿಲ್ಲುವ ಮನುಷ್ಯ, ಒಂದು ಟವೆಲಿಗೆ ಹೆದರಿ ಮನೆಯಲ್ಲಿ ಕೂತ.

ಒಂದು ದಿನ ಅತ್ತೆ ಅಂಗಡಿಗೆ ಫೋನ್ ಮಾಡಿದಳು.

"ಅಳ್ಯಾ, ನಿಮ್ಮ ಮಾಮಾಗ ಏನರ ಕೆಲಸ ಹಚ್ಚಿಕೊಡಪಾ. ಸಂತಿ ದಿನ ಮುಂಜಾನೆದ್ದು ಧೋತ್ರ ಉಟ್ಟು, ತಲಿಗೆ ಪಟಗಾ ಸುತ್ತಿ, ಕಟ್ಟಿ ಮ್ಯಾಲ ಕುಂದರ್ತಾರ. ಹೊಂಟ ಗಾಡಿಗೋಳ್ನ ನೋಡ್ತಾರ. ಮಧ್ಯಾಹ್ನಕ್ಕ ಪಟಗಾ ಬಿಚ್ಚಿಡ್ತಾರ. ನಂಗ ಅವ್ರ ಮಾರಿ ನೋಡಾಕ ಆಗವಲ್ತು."

"ಏನ ಹಚ್ಚಿಕೊಡ್ಲಿ ಅತ್ತಿ?"

"ಕುಂತಲ್ಲೇ ಮಾಡೋ ಧಂದೆ ಯಾವದರ ಇಲ್ಲೇನ? ನೀ ಇಡೀ ದಿನ ಕುಂತ ಅದೇನೋ ಮಾಡ್ತಿಯಂತಲ್ಲ?"

ನಿಂತು ಚಾದರ್ ಮಡಚುವವನಿಗೆ ಈ ಮಾತು! ಆದರೂ ತಜ್ಞನ ಹೆಮ್ಮೆ ತಲೆಯೆತ್ತಿತು. ರವಿವಾರ ಬಸ್ಸು ಹತ್ತಿದೆ, ಕಂಡಕ್ಟರನನ್ನು ಒಲಿಸಿಕೊಂಡು ಇಳಿದೆ.

ಕಟ್ಟೆಯ ಮೇಲೆ ಕೂತು ಮಾಮಾನಿಗೆ ವಿವರಿಸಿದೆ. "ಇದೂ ಒಂದ ಸಂತಿನೇ ಮಾಮಾ. ವಾರಕ್ಕೊಮ್ಮೆ ಅಲ್ಲ, ಹಗಲೂ ರಾತ್ರಿ ಚೊವೀಸ್ ತಾಸು ನಡೀತೈತಿ. ಎಷ್ಟು ಮಾಲು ಯಾವ ಕಡಿಂದ ಯಾವ ಕಡಿಗೆ ಹೋತಂತ ಎಲ್ಲಾರಿಗೂ ಕಾಣ್ತೈತಿ. ಕೊಟ್ಟಾವ್ರು ಯಾರು, ತಗೊಂಡಾವ್ರು ಯಾರು, ಅದು ಮಾತ್ರ ಕಾಣಂಗಿಲ್ಲ. ಒಂದು ಗುಪ್ತ ಕೀಲಿ ಇರ್ತೈತಿ, ಅದು ಮಾಲಕನ ಹಂತೇಕ ಮಾತ್ರ."

ಮಾಮಾ ಒಂದು ಕ್ಷಣ ಯೋಚಿಸಿದ. "ಅಂದ್ರ ಟಾವೆಲ್."

ನಾನು ನಾಲ್ಕು ತಿಂಗಳು ವಿಡಿಯೋ ನೋಡಿ, ಮೂರು ಸಲ ಮಧ್ಯದಲ್ಲೇ ನಿದ್ದೆ ಹೋಗಿ, ಕೊನೆಗೂ ಅರ್ಥ ಮಾಡಿಕೊಳ್ಳದೇ ಬಿಟ್ಟದ್ದನ್ನು ಈ ಮನುಷ್ಯ ಒಂದೇ ಶಬ್ದದಲ್ಲಿ ಮುಗಿಸಿದ!

"ಬರೋಬರ್ ಮಾಮಾ, ಟಾವೆಲ್!"

"ಹಲ್ಲೆಷ್ಟು?"

"ಯಾರಿಗೆ?"

"ನಿನ್ನ ಕಾಯಿನ್ನಿಗೆ. ವಯಸ್ಸೆಷ್ಟಂತ ಕೇಳಾಕತ್ತೀನಿ."

"ಹದಿನೈದ್ ವರ್ಷ ಮ್ಯಾಲಾತು ಹುಟ್ಟಿ."

ಮಾಮಾ ಹೌಹಾರಿದ. "ಹದಿನೈದಾ! ಇಷ್ಟೊತ್ತಿಗೆ ಹಲ್ಲೆಲ್ಲ ಉದುರಿರಬೇಕಲ್ಲೋ! ಯಾರ ತಗೋತಾರ ಅದನ್ನ?"

ಹಾಗಾದರೆ ಎಳೆಯದೇ ಇರಲಿ ಎಂದು ನನ್ನ ನಾಯಿ ಕಾಯಿನ್ ತೋರಿಸಿದೆ. ಅದು ನನ್ನ ತಪ್ಪು. ಮಾಮಾ ಪರದೆಯ ಮೇಲಿನ ನಾಯಿಯನ್ನು ಬಹಳ ಹೊತ್ತು ನೋಡಿ ಕೇಳಿದ: "ಕುರಿ ಕಾಯೋ ನಾಯಿನ್ನ ಯಾರರ ರೊಕ್ಕಕ್ಕ ಮಾರ್ತಾರೇನೋ? ಬೇಡಿದಾವ್ರಿಗೆ ಮರಿ ಹಂಗ ಸುಮ್ನ ಕೊಡ್ತಾರ. ನೀ ರೊಕ್ಕ ಕೊಟ್ಟಿ?"

ನಾನು ಆಕಾಶ ನೋಡಿದೆ. ಆಕಾಶ ಆ ದಿನ ಬಹಳ ಚೆನ್ನಾಗಿತ್ತು.

ಒಳಗಿನಿಂದ ಅತ್ತೆಯೂ ಚರ್ಚೆಗೆ ಇಳಿದಳು. "ಅದರ ಹೆಸರೇನಂದಿ?"

"ಬಿಟ್‌ಕಾಯಿನ್, ಅತ್ತಿ."

"ಬಿಟ್ಟಿ ಕಾಯಿನ್ ಅಂದ್ರ ಬಿಟ್ಟಿ ಸಿಗಬೇಕಿಲ್ಲೋ? ರೊಕ್ಕ ಕೊಟ್ಟು ಬಿಟ್ಟಿ ತಗೊಳ್ಳೋರು ನೀವಿಬ್ರ ನೋಡು!"

ಆ ಹೆಸರೇ ಮನೆಯಲ್ಲಿ ಖಾಯಂ ಆಯಿತು.

ಮಾಮಾ ಒಪ್ಪಿದ, ಆದರೆ ಷರತ್ತಿನ ಮೇಲೆ. ಮೊದಲು ನೂರೇ ರೂಪಾಯಿ. ಹಿಂಡಿಗೆ ಹೊಸ ಕುರಿ ತಂದರೆ ಕೂಡಲೇ ಒಳಗೆ ಬಿಡುವುದಿಲ್ಲವಂತೆ. ಹದಿನೈದು ದಿನ ದೂರ ಕಟ್ಟಿ, ಕೆಮ್ಮುತ್ತದೋ, ಮೇವು ಮುಟ್ಟುತ್ತದೋ, ಮೂಗು ಸೋರುತ್ತದೋ ಎಂದು ನೋಡುತ್ತಾರಂತೆ. "ಇದನ್ನೂ ದೂರ ಕಟ್ಟಿ ನೋಡೂಣು. ಮೂಗು ಸೋರ್ತಂದ್ರ ತಿರುಗಿ ಕೊಡೂದು." ನಾನು ನೋಡಿದ ವಿಡಿಯೋಗಳಲ್ಲಿ ಯಾರೂ, ಯಾರೂ ಇಷ್ಟು ಚೆನ್ನಾದ ಸಲಹೆ ಕೊಟ್ಟಿರಲಿಲ್ಲ. ಕೊಟ್ಟಿದ್ದರೂ ನಾನು ಆ ಭಾಗ ಓಡಿಸಿ ಮುಂದೆ ಹೋಗಿರಬೇಕು.

ಖಾತೆ ತೆರೆಯುವುದು ಒಂದು ಮಹಾಯುದ್ಧ. ಮೊದಲು ಮಾಮಾನ ಫೋನಿಗೆ ಬೆರಳ ಗುರುತು ಕೊಡಲು ಹೋದರೆ ಅದು ಒಪ್ಪಲೇ ಇಲ್ಲ. ನಲವತ್ತು ವರ್ಷ ಕುರಿ ಕಟ್ಟುವ ಹಗ್ಗ ಎಳೆದ ಬೆರಳು, ಗೆರೆಗಳೆಲ್ಲ ಸವೆದು ಹೋಗಿದ್ದವು. ಒಂದು ಸಲ, ಎರಡು ಸಲ, ಐದು ಸಲ. ಮಾಮಾ ಕೈ ಹಿಂದಕ್ಕೆ ತೆಗೆದುಕೊಂಡ.

"ಇದಕ್ಕೂ ಗೊತ್ತಾತು ನೋಡು," ಎಂದ.

ಬೆರಳಿನ ಬದಲು ಗುಟ್ಟಿನ ಅಂಕಿ ಹಾಕಿ ಆ ಗಂಡಾಂತರ ದಾಟಿದೆವು. ಮುಂದಿನದು ಮುಖದ ಪರೀಕ್ಷೆ. ಆ್ಯಪ್ ಹೇಳಿತು: ಕ್ಯಾಮೆರಾ ನೋಡಿ, ಕಣ್ಣು ಮಿಟುಕಿಸಿ. ಮಾಮಾ ಕ್ಯಾಮೆರಾ ನೋಡಿದ. ನೋಡಿದ ಎಂದರೆ ಸಂತೆಯಲ್ಲಿ ಎದುರಾಳಿಯನ್ನು ನೋಡುವ ಹಾಗೆ ನೋಡಿದ. ಒಂದು ರೆಪ್ಪೆ ಅಲುಗಲಿಲ್ಲ, ಒಂದು ಗೆರೆ ಕದಲಲಿಲ್ಲ. ಸ್ವಲ್ಪ ಹೊತ್ತು ಕಾದು ಆ್ಯಪ್ ತೀರ್ಪು ಕೊಟ್ಟಿತು: ಇದು ಜೀವಂತ ವ್ಯಕ್ತಿಯಲ್ಲ, ಭಾವಚಿತ್ರವಿರಬಹುದು!

"ಮಾಮಾ, ಕಣ್ಣ ಮಿಟುಕಿಸಬೇಕಂತ."

"ಯಾಕ? ಕಣ್ಣ ಮಿಟುಕಿಸಿದ್ರ ಭಾವ ಗೊತ್ತಾಕ್ಕೈತಿ."

"ಇನ್ನೂ ಭಾವ ಎಲ್ಲೈತಿ ಮಾಮಾ? ನೀ ಜೀವಂತ ಇದ್ದೀಯೋ ಇಲ್ಲೋ ನೋಡಾಕತ್ತೈತಿ ಅದು."

ಮಾಮಾ ಬಹಳ ಕಷ್ಟಪಟ್ಟು ಒಂದು ಕಣ್ಣು ಮುಚ್ಚಿದ. ಎರಡೂ ಮುಚ್ಚುವುದು ಅವನ ಸ್ವಭಾವದಲ್ಲೇ ಇಲ್ಲ. ಒಂದು ಕಣ್ಣಾದರೂ ಮಾಲಿನ ಮೇಲೆ ಇರಬೇಕಲ್ಲ! ಆ್ಯಪ್ ಮತ್ತೆ ಕೇಳಿತು, ಮಾಮಾ ಮತ್ತೆ ಒಂದು ಕಣ್ಣು ಮುಚ್ಚಿದ. ಅದೇ ಹೊತ್ತಿಗೆ ಚಹಾ ತಂದ ಅತ್ತೆ ಹೊಸ್ತಿಲಲ್ಲೇ ನಿಂತಳು.

"ನಲವತ್ತ್ ವರ್ಷದಾಗ ನಂಗೊಂದ ಸಲ ಕಣ್ಣ ಹೊಡದಿಲ್ಲ. ಈಗ ಆ ಡಬ್ಬಿಗೆ ಹೊಡ್ಯಾಕತ್ತೀರೇನ್ರಿ?"

ಮಾಮಾ ಗಾಬರಿಯಾಗಿ ಎರಡೂ ಕಣ್ಣು ಪಟಪಟ ಬಡಿದ. ಆ್ಯಪ್ ತಕ್ಷಣ ಒಪ್ಪಿಕೊಂಡಿತು. ಆ್ಯಪ್‌ನ ದಾಖಲೆಯಲ್ಲಿ ಮಾಮಾನನ್ನು ಜೀವಂತ ಮಾಡಿದ ಶ್ರೇಯಸ್ಸು ಅತ್ತೆಗೇ ಸಲ್ಲಬೇಕು.

ನೂರು ರೂಪಾಯಿ ಹಾಕಿದೆವು. ಪರದೆಯ ಮೇಲೆ ಒಂದು ಸೊನ್ನೆ, ಒಂದು ಚುಕ್ಕಿ, ಆಮೇಲೆ ಸೊನ್ನೆಗಳ ದೊಡ್ಡ ಸಾಲು, ಕೊನೆಗೆ ಮೂರ್ನಾಲ್ಕು ಅಂಕಿ ಬಂತು. ಮಾಮಾನ ಪಾಲಿಗೆ ಬಂದ ಬಿಟ್‌ಕಾಯಿನ್ ಅಷ್ಟು.

"ಇದೇನೋ, ಬಾಲದ ಕೂದಲೇನ?"

"ಅದಕ್ಕೂ ಕಡಿಮಿ ಮಾಮಾ. ಕೂದಲಿನ ತುದಿ ಅನ್ಕೋ."

"ಹಂಗಾದ್ರ ಉಳಿದ ಕುರಿ ಯಾರ ಮನ್ಯಾಗೈತಿ?"

ಇದಕ್ಕೆ ಉತ್ತರ ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಮಾಮಾನ ಮುಂದಿನ ಪ್ರಶ್ನೆ ಇನ್ನೂ ಕಠಿಣ. ಕುರಿಗಾದರೆ ಬೆನ್ನ ಮೇಲೆ ಬಣ್ಣ ಹಚ್ಚುತ್ತಾರೆ. ಇವನದು ಕೆಂಪು, ಪಕ್ಕದ ಮನೆಯವರದು ನೀಲಿ. "ಇಷ್ಟ್ ಮಂದಿ ಕಾಯಿನ್ ಒಂದೇ ಕಡೆ ನಿಂತಾವಂದ್ರ ನಂದ್ ಯಾವದಂತ ಹ್ಯಾಂಗ ಗುರ್ತು ಹಿಡೀಲಿ?" ಎಂದ. ನಾನು ಫೋನಿನ ಕವಚಕ್ಕೆ ಕೆಂಪು ಬಣ್ಣದ ಚುಕ್ಕೆ ಇಟ್ಟುಕೊಟ್ಟೆ. ಮಾಮಾನಿಗೆ ಸಮಾಧಾನವಾಯಿತು. ಇಡೀ ಕ್ರಿಪ್ಟೋ ಲೋಕದಲ್ಲಿ ನಾನು ಯಶಸ್ವಿಯಾಗಿ ಮಾಡಿದ ಏಕೈಕ ಭದ್ರತಾ ಕೆಲಸ ಅದು.

ಹದಿನೈದು ದಿನ ಮಾಮಾನ ಉತ್ಸಾಹವೇ ಉತ್ಸಾಹ! ಬೆಳಿಗ್ಗೆ ಒಂದು ಫೋನ್, ಸಂಜೆ ಒಂದು ಫೋನ್. ನಾನು ಗಿರಾಕಿಯ ಮುಂದೆ ಚಾದರ್ ಹಿಡಿದು ನಿಂತಿದ್ದಾಗಲೇ ಕೇಳುತ್ತಿದ್ದ: "ಇವತ್ತ್ ಮೇವು ತಿಂದೈತೇನ?" ಭಾವ ಏರಿದ್ದರೆ ತಿಂದಿದೆ, ಇಳಿದಿದ್ದರೆ ಮಂಕಾಗಿದೆ. ಒಂದು ದಿನ "ಸ್ವಲ್ಪ ಸೋರಾಕತ್ತೈತಿ ಮಾಮಾ" ಎಂದದ್ದನ್ನು ಕೇಳಿದ ನಮ್ಮ ಮಾಲೀಕ ಶೇಟ್, ಅಂಗಡಿಯ ಮಾಡು ಸೋರುತ್ತಿದೆಯೆಂದು ತಿಳಿದು ಟವೆಲಿನ ಗಂಟುಗಳನ್ನೆಲ್ಲ ಆಚೆಗೆ ಹೊರಿಸಿದರು. ಬೇಸಿಗೆಯಲ್ಲಿ! ಮತ್ತೆ ಒಳಗೆ ಹೊತ್ತವನು ಯಾರು ಎಂದು ಕೇಳಬೇಡಿ.

ಅತ್ತೆಗೂ ನೆಮ್ಮದಿ. "ಪಟಗಾ ಸುತ್ತಿ ಫೋನ್ ಹಿಡದ ಕುಂತಾರ. ಮಾರಿ ಮ್ಯಾಲ ಕಳೆ ಐತಿ" ಎಂದು ವರದಿ ಕೊಟ್ಟಳು.

ಆದರೆ ಮಾಮಾ ಫೋನ್ ಬಳಸುವ ಪದ್ಧತಿ ಒಂದಿತ್ತು, ಅದನ್ನು ಅತ್ತೆ ನನಗೆ ಹೇಳಿರಲಿಲ್ಲ. ಏಕೆಂದರೆ ಅವಳಿಗೆ ಅದರಲ್ಲಿ ವಿಶೇಷ ಕಂಡಿರಲಿಲ್ಲ. ಮಾಮಾ ಭಾವವನ್ನು ಎಲ್ಲರೆದುರು ನೋಡುತ್ತಿದ್ದ, ಕೊಳ್ಳುವ ಗುಂಡಿಯ ಹತ್ತಿರ ಬೆರಳು ಒಯ್ಯುವಾಗ ಮಾತ್ರ ಫೋನಿನ ಮೇಲೆ ಟವೆಲ್ ಹಾಕುತ್ತಿದ್ದ! ಸವ್ದಾ ಎಂದರೆ ಟವೆಲಿನ ಕೆಳಗೇ ಆಗಬೇಕು, ಪಕ್ಕದ ಮನೆಯವರು ನೋಡಬಾರದು. ದೂರ ಕಟ್ಟಿದ ಅವಧಿ ಮುಗಿದ ದಿನ, ಇನ್ನೂ ಒಂದು ನೂರು ರೂಪಾಯಿ ಹಾಕೋಣ ಎಂದು ಕಟ್ಟೆಯ ಮೇಲೆ ಕೂತು, ಟವೆಲ್ ಹೊದಿಸಿ, ಬಸ್ಸಿಗೆ ಕಾಯುವ ಮುಖ ಮಾಡಿ ಒತ್ತಿದ. ಒತ್ತಿದ್ದು ಬೆರಳಿಗೆ ತಿಳಿಯಲಿಲ್ಲ. ಒತ್ತಿಲ್ಲವೇನೋ ಎಂದು ಇನ್ನೊಮ್ಮೆ ಒತ್ತಿದ. ಅದೂ ತಿಳಿಯಲಿಲ್ಲ. ಹೀಗೆ ಒಟ್ಟು ಹನ್ನೊಂದು ಸಲ. ಟವೆಲ್ ತೆಗೆದು ನೋಡಿದಾಗ ಮಾಮಾ ಹನ್ನೊಂದು ಸಲ ಕೊಂಡಿದ್ದ.

ನಾನು ಮರುದಿನ ಹೋದಾಗ ಸಮಾಧಾನದ ಮಾತಿಗೆ ಹಾಸ್ಯ ಬೆರೆಸಿದೆ. "ಬಿಡು ಮಾಮಾ, ಕೂದಲಿನ ತುದಿ ಇದ್ದದ್ದು ಈಗ ಪೂರ್ತಿ ಕೂದಲಾತು."

ಮಾಮಾ ನಗಲಿಲ್ಲ. ಹೆಬ್ಬೆರಳನ್ನು ಬೇರೆ ಯಾರದೋ ಎಂಬಂತೆ ತಿರುವಿ ತಿರುವಿ ನೋಡುತ್ತಿದ್ದ. "ಕುಂತಲ್ಲೇ ಮಾಡೂದಕ್ಕೂ ಬೆರಳ ಬೇಕಲ್ಲೋ" ಎಂದ.

ಇಲ್ಲಿ ತಜ್ಞ ಅಳಿಯ ಮಧ್ಯಪ್ರವೇಶಿಸಿದ. ಬೆರಳೇ ಬೇಡದ ಒಂದು ಉಪಾಯ ನನ್ನ ಹತ್ತಿರ ಇತ್ತು. ಫೋನಿನ ಒಂದು ಗುಂಪಿನಲ್ಲಿ ಒಬ್ಬ "ಗುರೂಜಿ" ಇದ್ದ. ನಾವು ದುಡ್ಡು ಕಳಿಸಿದರೆ ಸಾಕು, ನಮ್ಮ ಪರವಾಗಿ ಅವನೇ ಕೊಂಡು, ಅವನೇ ಮಾರಿ, ವಾರದಲ್ಲಿ ದುಪ್ಪಟ್ಟು ಮಾಡಿಕೊಡುತ್ತಿದ್ದ. ಅವನೇ ಹಾಗೆ ಹೇಳಿದ್ದ. ಸ್ವತಃ ಅವನೇ ಹೇಳಿದ ಮೇಲೆ ಅನುಮಾನವೇಕೆ? ಗಾಡಿ ರಿಪೇರಿಗೆಂದು ಕೂಡಿಟ್ಟದ್ದನ್ನೆಲ್ಲ ನಾನು ಅದಾಗಲೇ ಕಳಿಸಿಬಿಟ್ಟಿದ್ದೆ.

"ಮಾಮಾ, ಇವ್ರು ದೊಡ್ಡ ದಲಾಲ್ರು. ನೀ ಒಂದ ಮಾತು ಮಾತಾಡು."

ಮಾಮಾ ಪಟಗಾ ಸರಿಮಾಡಿಕೊಂಡು ಕೂತ. ದಲಾಲನೊಬ್ಬ ಇನ್ನೊಬ್ಬ ದಲಾಲನನ್ನು ನೋಡುವ ಮರ್ಯಾದೆ ಅದು. ವಿಡಿಯೋ ಕರೆ ಹಚ್ಚಿದೆ. ಗುರೂಜಿಯ ಕಡೆ ಬರೀ ಕತ್ತಲು, ಮರಾಠಿಯಲ್ಲಿ ಒಂದು ಸಕ್ಕರೆಯಂಥ ದನಿ. ಮಾಮಾ ಕೇಳಿದ, "ನಮಸ್ಕಾರ್ರಿ. ಮಾರಿ ಕಾಣವಲ್ತಲ್ರಿ?"

ಗುರೂಜಿ ಕ್ಯಾಮೆರಾ ಕೆಟ್ಟಿದೆ ಎಂದ. ಊರು ಯಾವುದು ಎಂದರೆ ಎಲ್ಲ ಊರೂ ನಮ್ಮದೇ ಎಂದ. ಹೆಸರು ಕೇಳಿದರೆ ಭಕ್ತರು ಗುರೂಜಿ ಅನ್ನುತ್ತಾರೆ ಎಂದ. ಮಾಮಾ ಫೋನನ್ನು ಬೋರಲು ಹಾಕಿದ.

"ಅಳ್ಯಾ, ನಮ್ಮ ಸಂತ್ಯಾಗ ಕೈ ಮುಚ್ಚಿರ್ತೈತಿ, ಮಾರಿ ತೆರದಿರ್ತೈತಿ. ಈ ಮಗಂದು ಎರಡೂ ಮುಚ್ಚೈತಿ. ಒಂದ ಪೈ ಕಳಸಬ್ಯಾಡ." ನನ್ನ ಕಡೆ ತಿರುಗಿದ. "ಕಳಸಿಲ್ಲ ಹೌದಿಲ್ಲೋ?"

"ಛೇ! ನಾ ಯಾಕ ಕಳಸ್ಲಿ?" ಎಂದೆ. ಬಸ್ಸಿಗೆ ಕಾಯುವವನ ಮುಖ ಮಾಡಲು ಪ್ರಯತ್ನಿಸಿದೆ. ಬಸ್ಸು ತಪ್ಪಿಸಿಕೊಂಡವನ ಹಾಗೆ ಕಂಡಿರಬೇಕು. ಮಾಮಾ ನನ್ನ ಹಲ್ಲುಗಳನ್ನೊಮ್ಮೆ ನೋಡಿ, ಮುಂದೆ ಕೇಳಲಿಲ್ಲ. ಗುರೂಜಿಯ ಗುಂಪು ಎರಡು ದಿನದಲ್ಲಿ ಮಾಯವಾಯಿತು. ಇವತ್ತಿಗೂ ನಾನು ಅಂಗಡಿಗೆ ನಡೆದೇ ಹೋಗುತ್ತೇನೆ; ಆರೋಗ್ಯಕ್ಕೆ ಒಳ್ಳೆಯದು ಎಂದು ಎಲ್ಲರಿಗೂ ಹೇಳುತ್ತೇನೆ.

ಮುಂದಿನ ರವಿವಾರ ಮಾಮಾ "ಮಾರಿಬಿಡು" ಎಂದ. ಕೊಂಡ ಭಾವಕ್ಕಿಂತ ಒಂದು ಚಹಾದಷ್ಟು ಇಳಿದಿತ್ತು ಅಷ್ಟೇ. ನಾನೇ ಒತ್ತಿದೆ, ಟವೆಲ್ ಇಲ್ಲದೆ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮಾರಿ ಹೋಯಿತು.

"ಯಾರ ತಗೊಂಡ್ರು?"

"ಗೊತ್ತಾಗೂದಿಲ್ಲ ಮಾಮಾ."

"ಗೊತ್ತಾಗೂದಿಲ್ಲಂದ್ರ? ಮೊನ್ನಿ ಇದಕ್ಕ ಒಂದಿನ ಆರಾಮಿದ್ದಿಲ್ಲ, ಭಾಳ ಇಳದಿತ್ತು. ತಗೊಂಡಾವ್ಗ ಹೇಳೂದ ಬ್ಯಾಡೇನ?"

"ಅದನ್ನ ಯಾರೂ ಹೇಳೂದಿಲ್ಲ ಮಾಮಾ ಇಲ್ಲಿ."

"ಮತ್ತ ಚಾ?"

"ಯಾವ ಚಾ?"

"ಸವ್ದಾ ಮುಗದ ಮ್ಯಾಲ ಇಬ್ರೂ ಕೂಡಿ ಚಾ ಕುಡ್ಯಾಂಗಿಲ್ಲೇನೋ?"

ಜಗತ್ತಿನ ಯಾವ ಮೂಲೆಯಲ್ಲಿ ಯಾರು ಮಾಮಾನ ಆ ಹನ್ನೆರಡು ಚೂರು ಕೊಂಡರೋ, ಅವರಿಗೆ ಅಕ್ಕಲಕೋಟದ ಕಡೆಯ ಮನುಷ್ಯನೊಬ್ಬ ಚಹಾ ಕುಡಿಸಬೇಕೆಂದು ಕಾದದ್ದು ಗೊತ್ತಿರಲಿಕ್ಕಿಲ್ಲ. ನಾನು ನಗುತ್ತಿದ್ದೆ. ಮಾಮಾ ಮಾತ್ರ, ನನಗಲ್ಲ, ಎದುರಿನ ಬೇವಿನ ಮರಕ್ಕೆ ಹೇಳುವವನ ಹಾಗೆ ಹೇಳಿದ:

"ನಲವತ್ತ್ ವರ್ಷ ಕುರಿ ಐಬು ಹೇಳೇ ಮಾರೀನಿ. ಕುಂಟಿದ್ರ ಕುಂಟ ಅಂದೀನಿ, ಕೆಮ್ಮಿದ್ರ ಕೆಮ್ಮಂದೀನಿ. ನಂದ ಐಬು ಮಾತ್ರ ಮುಚ್ಚಿಟ್ಟು ಒಂದ್ ವರ್ಷ ಕುಂತೀನಿ."

ಒಳಗೆ 'ಟಣ್' ಎಂದು ಅತ್ತೆಯ ಕೈಯಿಂದ ಒಂದು ಪಾತ್ರೆ ಬಿತ್ತು.

ಸಂತೆಯ ದಿನ, ಮಾಮಾ ಹೊರಟನೆಂದು ಅತ್ತೆಯ ಫೋನ್ ಬಂದದ್ದೇ, ನಾನು ಅಂಗಡಿಗೆ ಸುಳ್ಳು ಹೇಳಿ ಅಕ್ಕಲಕೋಟಕ್ಕೆ ಬಂದೆ. ಮಾಮಾ ಪಟಗಾ ಸುತ್ತಿ ಬಂದಿದ್ದ. ಧೂಳು, ಹಿಕ್ಕೆ, ಕುರಿಗಳ ಕೂಗು. ಒಂದು ವರ್ಷದ ಮೇಲೆ ಕಂಡ ಮಾಮಾನನ್ನು ಎಲ್ಲರೂ ಕೇಳುವವರೇ: "ಮೊಳಕಾಲು ಹ್ಯಾಂಗೈತಿ ದಲಾಲ್ರ?" ಕೆಲವರ ಕೈಯಲ್ಲಿ ಮತ್ತೆ ಎಣ್ಣೆ ಸೀಸೆ!

ಒಬ್ಬ ಮುದುಕ ಎರಡು ಟಗರು ಹಿಡಿದು ಬಂದು ಮಾಮಾನ ಕೈಗೆ ಹಗ್ಗ ಕೊಟ್ಟ. ಕೊಳ್ಳುವ ಕಡೆಯ ದಲಾಲ ಯಾರೆಂದರೆ ಮಾಮಾನ ಮೂವತ್ತು ವರ್ಷದ ವೈರಿ. ಧಡೂತಿ ಆಳು, ಧಡೂತಿ ಮೀಸೆ. ದನಿಯಂತೂ ಮಂಗಳವೇಢೆಯ ಸಂತೆಯಲ್ಲಿ ಕೆಮ್ಮಿದರೆ ಇಲ್ಲಿ ಕುರಿ ಬೆದರಬೇಕು. ಅವನು ಬಂದವನೇ ಹೆಗಲ ಮೇಲಿನ ಟವೆಲ್ ತೆಗೆದು ಕೈ ಮುಂದೆ ಚಾಚಿದ. ಮಾಮಾ ಕೈ ಕೊಡಲಿಲ್ಲ.

ಸುತ್ತ ನಿಂತವರು ನೋಡಿದರು. ವೈರಿಯ ಹುಬ್ಬು ಮೇಲೇರಿತು. "ಯಾಕ ದಲಾಲ್ರ, ನನ್ನ ಕೈ ಬ್ಯಾಡೇನ?"

ಮಾಮಾನ ಮುಖ ನೋಡಿದೆ. ನಲವತ್ತು ವರ್ಷದಲ್ಲಿ ಮೊದಲ ಸಲ ಅದರ ಮೇಲೆ ಎಲ್ಲವೂ ಕಾಣುತ್ತಿತ್ತು.

"ಮೊಳಕಾಲು ಸುಳ್ಳಪಾ," ಎಂದ ಮಾಮಾ, ಎಲ್ಲರಿಗೂ ಕೇಳುವ ಹಾಗೆ. "ನನ್ನ ಬೆರಳ ಹ್ವಾದ್ವು. ಸಕ್ಕರಿ ಬ್ಯಾನಿ. ನೀ ನಾಕ ಹಿಡದ್ರ ನಂಗ ಮೂರ ಅನಸ್ತೈತಿ. ಹ್ವಾದ ವರ್ಷ ಆ ಟಗರಿನ ಸವ್ದಾ ಕೆಟ್ಟದ್ದು ಅದಕ್ಕ. ಗೊತ್ತಿದ್ದು ಕೈ ಕೊಟ್ರ ನಿನಗ ಮೋಸ, ಮಾಲಕಗ ಮೋಸ."

ಟಗರು ಹಿಡಿದು ಬಂದ ಮುದುಕ ಹಗ್ಗವನ್ನು ವಾಪಸ್ ತೆಗೆದುಕೊಳ್ಳುತ್ತಾನೆ ಎಂದುಕೊಂಡೆ. ಅವನು ಅಲ್ಲೇ ನಿಂತಿದ್ದ. ವೈರಿ ತನ್ನ ಟವೆಲನ್ನು ಒಮ್ಮೆ ನೋಡಿದ, ಮಾಮಾನ ಕೈ ನೋಡಿದ.

"ಬೆರಳ ಹ್ವಾದ್ವು," ಎಂದ. "ಕಿವಿ?"

"ಕಿವಿ ಬರೋಬರ್ ಅದಾವ."

"ಮತ್ತ ಒಂದ್ ವರ್ಷ ಯಾಕ ಮನ್ಯಾಗ ಸತ್ತಿದ್ಯೋ ಮಾರಾಯಾ?"

ಹೀಗೆ ಬೈದು, ಟವೆಲನ್ನು ತನ್ನ ತಲೆಯ ಮೇಲೂ ಮಾಮಾನ ತಲೆಯ ಮೇಲೂ ಹೊದಿಸಿ, ಕಿವಿಯ ಹತ್ತಿರ ಬಗ್ಗಿ ಅತ್ಯಂತ ಗುಟ್ಟಾಗಿ ಭಾವ ಹೇಳಿದ. ಅವನ ಗುಟ್ಟು ದುಧನಿ ಸ್ಟೇಷನ್ನಿನಲ್ಲಿ ರೈಲಿಗೆ ನಿಂತವರಿಗೂ ಕೇಳಿಸಿರಬೇಕು! ಇಡೀ ಸಂತೆ ಹೋ ಎಂದು ನಕ್ಕಿತು. ಪಕ್ಕದವನೊಬ್ಬ "ನಾ ಇನ್ನೂರು ಮ್ಯಾಲ ಕೊಡ್ತೀನ್ರೀ" ಎಂದು ಕೂಗಿಯೂ ಬಿಟ್ಟ. ವೈರಿ ಅವನಿಗೂ ಬೈದ, ಮಾಮಾನಿಗೂ ಬೈದ, ಕಾರಣವಿಲ್ಲದೆ ನನಗೂ ಬೈದ. ಆಮೇಲೆ ಚಹಾ ತರಿಸಿದ.

ಆ ದಿನ ಮಾಮಾ ನಾಲ್ಕು ಸವ್ದಾ ಮುಗಿಸಿದ. ಮೊದಲಿನ ಹಾಗೆ ಹದಿನೈದಲ್ಲ, ನಾಲ್ಕೇ. ಕೆಲವರು ದೂರದಿಂದಲೇ ನೋಡಿ ಬೇರೆ ದಲಾಲರ ಹತ್ತಿರ ಹೋದದ್ದನ್ನು ಅವನೂ ನೋಡಿದ, ನಾನೂ ನೋಡಿದೆ. ಆದರೆ ಬಂದ ನಾಲ್ವರೂ ಬಗ್ಗಿ ಕಿವಿಯಲ್ಲೇ ಹೇಳಿದರು.

ಸಂತೆಯಿಂದ ಬಸ್ ಸ್ಟ್ಯಾಂಡಿಗೆ ಹೋಗಬೇಕಾದರೆ ದೊಡ್ಡ ರಸ್ತೆ ದಾಟಬೇಕು. ಎರಡೂ ಕಡೆಯಿಂದ ಕಬ್ಬಿನ ಲಾರಿ, ಜೀಪು, ಮೋಟರ್‌ಸೈಕಲ್ಲು. ಇಪ್ಪತ್ತಾರು ವರ್ಷದ ನನ್ನನ್ನು ಆರು ವರ್ಷದವನೆಂದು ತಿಳಿದು ಮಾಮಾ ಕೈ ಹಿಡಿದುಕೊಂಡ. ಹಿಡಿತವೋ! ನನ್ನ ಬೆರಳುಗಳೆಲ್ಲ ಒಂದಕ್ಕೊಂದು ಒತ್ತಿ ನೋಯತೊಡಗಿದವು. "ಮಾಮಾ, ನಾನೇನ ಟಗರೇನ?" ಎಂದು ಹೇಳಲು ಬಾಯಿ ತೆರೆದೆ.

ನಡುರಸ್ತೆಯಲ್ಲಿ, ಲಾರಿಗಳ ಕಡೆಯೇ ನೋಡುತ್ತಾ, ಮಾಮಾ ಮೆಲ್ಲಗೆ ಕೇಳಿದ:

"ಅಳ್ಯಾ, ನಿನ್ನ ಕೈ ಹಿಡದೀನಿಲ್ಲೋ?"

"ಹಿಡದಿ ಮಾಮಾ," ಎಂದೆ. "ಹಿಡದಿ."